ಪುಟ್ಟಮಾದಮ್ಮನ ಫಾರಿನ್ ಕಣ್ಣು

ಪಣಕಹಳ್ಳಿಯಲ್ಲಿ ಪುಟ್ಟಮಾದಮ್ಮ ಬದುಕಿದ್ದಷ್ಟು ದಿನ, ಕಣ್ಣಿಗೆ ಕಸ ಬಿತ್ತೆಂದು ಯಾರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಡಾಕ್ಟರು ತಾಳವಾಡಿಯಲ್ಲಿದ್ದರು. ಬಸ್ಸು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಪುಟ್ಟಮಾದಮ್ಮ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದಳು.

ಅವಳು ಕೂಲಿಯವಳು. ಬೆಳಗ್ಗೆ ಯಾರದೋ ಹೊಲದಲ್ಲಿ ಕಳೆ, ಮಧ್ಯಾಹ್ನ ಇನ್ನಾರದೋ ಕಣದಲ್ಲಿ ರಾಗಿ. ನಡುವೆ ಯಾರಾದರೂ ಕಣ್ಣುಜ್ಜಿಕೊಂಡು ಬಂದರೆ ಕುಡುಗೋಲು ಕೆಳಗಿಟ್ಟು, ಬಾಯಿ ಮುಕ್ಕಳಿಸಿ, ಬಂದವರ ತಲೆಯನ್ನು ಎರಡು ಕೈಯಲ್ಲೂ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದಳು. ಹೆಬ್ಬೆರಳಲ್ಲಿ ರೆಪ್ಪೆ ಎತ್ತಿ ನಾಲಗೆಯ ತುದಿಯನ್ನು ಕಣ್ಣಿನ ಮೇಲೆ ಒಂದೇ ಒಂದು ಸಲ ಆಡಿಸುವಳು. ಎರಡನೆಯ ಸಲ ಬೇಕಾದದ್ದನ್ನು ಯಾರೂ ನೋಡಿರಲಿಲ್ಲ. ಆಮೇಲೆ ನಾಲಗೆಯ ತುದಿಯಲ್ಲಿದ್ದುದನ್ನು ಹೆಬ್ಬೆರಳಿನ ಉಗುರ ಮೇಲೆ ಇಳಿಸಿ, ಕಸದ ಒಡೆಯನಿಗೆ ತೋರಿಸುವಳು.

"ನೋಡ್ಕ. ಇಷ್ಟುದ್ದದ್ದಕ್ಕ ಅಷ್ಟೊಂದು ಅತ್ಯಲ್ಲಾ."

ತೋರಿಸದಿದ್ದರೆ ಕಸ ಹೋಯಿತೆಂದು ಜನ ನಂಬುವುದಿಲ್ಲ, ದಿನವಿಡೀ ಉಜ್ಜುತ್ತಲೇ ಇರುತ್ತಾರೆ ಎಂಬುದು ಅವಳ ಅನುಭವ. ರಾಗಿಯ ಸುಂಕು, ಮರಳಿನ ಹರಳು, ಒಮ್ಮೆ ಒಂದು ಇರುವೆಯ ಕಾಲು. ಹೀಗೆ ನಾಲಗೆ ಹಾಕುವುದು ವೈದ್ಯಶಾಸ್ತ್ರಕ್ಕೆ ಒಪ್ಪದ ಕೆಲಸ ಎಂದು ಊರಿಗೆ ಬರುತ್ತಿದ್ದ ನರ್ಸಮ್ಮ ಭಾಷಣ ಮಾಡಿದ್ದರು. ಅದೇ ಸಂಜೆ ಬಸ್ಸಿನ ಧೂಳು ಹೊಡೆದು ಅವರೇ ಒಂದು ಕಣ್ಣು ಮುಚ್ಚಿಕೊಂಡು ಪುಟ್ಟಮಾದಮ್ಮನ ಮುಂದೆ ಬಂದು ನಿಂತರು. ಶಾಸ್ತ್ರದ ವಿಷಯ ಅಲ್ಲಿಗೆ ನಿಂತಿತು.

ಅವಳು ಹೆಚ್ಚು ಕೂಲಿಗೆ ಹೋಗುತ್ತಿದ್ದುದು ಜಡೆಸ್ವಾಮಿಯವರ ಹೊಲಕ್ಕೆ. ಹತ್ತೆಕರೆಯ ಜಡೆಸ್ವಾಮಿಯವರ ಮನೆಯ ಜಗಲಿಯನ್ನು ಅವಳು ಹತ್ತುವಂತಿರಲಿಲ್ಲ. ಅವಳಿಗೆ ಟೀ ಕೊಡುವ ಲೋಟವನ್ನು ಹಿತ್ತಲ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದರು. ಕುಡಿದು ತೊಳೆದು ಅವಳೇ ಮತ್ತೆ ಸಿಕ್ಕಿಸಬೇಕು. ಆದರೆ ಅವಳ ನಾಲಗೆ ಜಡೆಸ್ವಾಮಿಯವರ ಕಣ್ಣಿನೊಳಕ್ಕೆ ಹೋಗಬಹುದಿತ್ತು. ಅವರು ಜಗಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮುಖ ಮುಂದಕ್ಕೆ ಚಾಚುವರು, ಅವಳು ಕೆಳಗೆ ಅಂಗಳದಲ್ಲಿ ನಿಂತು ಕೆಲಸ ಮುಗಿಸುವಳು. ಎತ್ತರ ಸರಿಯಾಗಿ ಹೊಂದುತ್ತಿತ್ತು. ಯಾರ ಮಡಿಗೂ ಭಂಗವಿರಲಿಲ್ಲ. ಮಡಿಯ ನಿಯಮ ಬರೆದವರಿಗೂ ಆಗಾಗ ಕಣ್ಣಿಗೆ ಕಸ ಬೀಳುತ್ತಿದ್ದಿರಬೇಕು, ಅಷ್ಟೊಂದು ಜಾಗ ಬಿಟ್ಟಿದ್ದಾರೆ.

ಇಷ್ಟೆಲ್ಲ ಅವಳು ನೋಡುತ್ತಿದ್ದುದು ಒಂದೇ ಕಣ್ಣಿನಿಂದ. ಒಂಬತ್ತು ವರ್ಷದವಳಿದ್ದಾಗ ಹುಣಸೆ ಮರದಿಂದ ಬಿದ್ದು ಎಡ ಹುಬ್ಬಿಗೆ ಬೇರು ಹೊಡೆದಿತ್ತು. ಹುಬ್ಬು ವಾಸಿಯಾಯಿತು, ಒಳಗಿನ ನರ ಆಗಲಿಲ್ಲ. ಎಡಗಣ್ಣಿಗೆ ಆ ದಿನದಿಂದ ಏನೂ ಕಾಣಲಿಲ್ಲ, ನೋಡುವವರಿಗೆ ಮಾತ್ರ ಕಣ್ಣು ಕೊಳದ ನೀರಿನಂತೆ ತಿಳಿಯಾಗಿತ್ತು. ಹೀಗಾಗಿ ಅದು ಕುರುಡೆಂದು ಯಾರೂ ನಂಬಲಿಲ್ಲ. ಮದುವೆಯಾದ ಮೇಲೆ ಅತ್ತೆಯಂತೂ, ಸೊಸೆ ಎಡಗಡೆ ಇಟ್ಟ ಕೆಲಸ ಕಾಣದಂತೆ ನಟಿಸುತ್ತಾಳೆಂದು ಸಾಯುವವರೆಗೂ ಊರಿಗೆಲ್ಲ ಹೇಳಿಕೊಂಡು ಬಂದಳು. ಪುಟ್ಟಮಾದಮ್ಮ ಆ ಕಣ್ಣಿಗೆ ಒಂದು ಹೆಸರಿಟ್ಟಿದ್ದಳು: ಕೂತುಣ್ಣೋದು.

ಎರಡು ಸಾವಿರದ ಐದನೆಯ ಇಸವಿ, ಮುಸುಕಿನ ಜೋಳ ಮುರಿಯುವ ಕಾಲ. ಜಡೆಸ್ವಾಮಿಯವರ ಹೊಲದಲ್ಲಿ ತೆನೆ ಕಿತ್ತುಕೊಳ್ಳಲು ಬಗ್ಗಿದಾಗ ಒಣಗಿದ ಜೋಳದ ಗರಿಯೊಂದು ಅವಳ ಬಲಗಣ್ಣನ್ನು ಗೀರಿತು. ಅಂಥ ದೊಡ್ಡ ಗಾಯವೇನಲ್ಲ. ಬೇರೆಯವರಿಗಾಗಿದ್ದರೆ ಅವಳು ಎರಡು ನಿಮಿಷದಲ್ಲಿ ನೋಡಿ ಕಳಿಸುತ್ತಿದ್ದಳು. ಆದರೆ ತನ್ನ ಕಣ್ಣಿಗೆ ತನ್ನ ನಾಲಗೆ ಮುಟ್ಟುವಂತೆ ದೇವರು ಮನುಷ್ಯರನ್ನು ಮಾಡಿಲ್ಲ. ಮೂವತ್ತು ವರ್ಷ ಊರಿನ ಕಣ್ಣುಗಳನ್ನೆಲ್ಲ ಬೆಳಗಿದವಳಿಗೆ, ತನ್ನದನ್ನು ನೋಡುವವರು ಯಾರೂ ಇಲ್ಲವೆಂಬುದು ಆ ಮಧ್ಯಾಹ್ನ ಹೊಳೆಯಿತು.

ಸೊಸೆ ಪರಿಮಳ ಪ್ರಯತ್ನಿಸಿದಳು. ನಾಲಗೆ ಹೊರಗೆ ಬರುವ ಮೊದಲೇ ನಗು ಬಂತು.

"ಅತ್ತೆ, ಕಚಗುಳಿ ಆಯ್ತದ."

"ನಿಂಗ್ಯಾಕಮ್ಮಿ ಕಚಗುಳಿ, ಕಣ್ಣು ನಂದು."

ಪರಿಮಳ ಬಿಟ್ಟ ಮೇಲೆ ಊರು ಕೈ ಹಾಕಿತು. ಒಬ್ಬಳು ನಂದಿಬಟ್ಟಲ ಹೂವಿನ ರಸ ಹಿಂಡಿದಳು. ಇನ್ನೊಬ್ಬಳು ಹಸಿ ಬಾಣಂತಿಯ ಎದೆಹಾಲು ತಂದು ಬಿಟ್ಟಳು. ಮಾದಪ್ಪನ ಬೆಟ್ಟದ ವಿಭೂತಿ ಮನೆಯಲ್ಲಿಟ್ಟಿದ್ದವರು ಅದನ್ನೂ ಒಂದು ಚಿಟಿಕೆ ದಯಪಾಲಿಸಿದರು. ಎಲ್ಲರಿಗೂ ಅವಳು ಮಾಡಿದ ಉಪಕಾರ ನೆನಪಿತ್ತು, ಎಲ್ಲರೂ ತೀರಿಸಿದರು. ಎಂಟನೆಯ ದಿನ ಕಣ್ಣು ಕೀವು ಕಟ್ಟಿತು. ಮಗ ನಿಂಗರಾಜು ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿಸಿ ಕೆಳಗಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅವಳು ಪ್ರತಿ ತಿರುವಿನಲ್ಲೂ ವಾಂತಿ ಮಾಡಿಕೊಂಡಳು. ಅವರು ಕೀವನ್ನು ವಾಸಿ ಮಾಡಿದರು. ಕೀವು ಹೋದ ಜಾಗದಲ್ಲಿ, ಕಣ್ಣಿನ ನಡುಮಧ್ಯೆ, ಸುಣ್ಣ ಬಳಿದಂತೆ ಬಿಳಿ ಉಳಿಯಿತು. ಇನ್ನು ಬೇರೆಯವರ ಕಣ್ಣಿನ ಪಾರದರ್ಶಕ ಪದರ ತಂದು ಹೊಲಿಯಬೇಕು, ಸತ್ತವರು ಕೊಟ್ಟದ್ದು ಸಿಗಬೇಕು ಎಂದರು.

ಅಂದಿನಿಂದ ಅವಳಿಗೆ ಹಗಲು ಯಾವುದು ರಾತ್ರಿ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಪರಿಮಳ ಕೈ ಹಿಡಿದು ಹೊಲದ ಬದುವಿಗೆ ಕರೆದುಕೊಂಡು ಹೋಗಿ, ಕೈ ಹಿಡಿದು ತರಬೇಕು. ಐವತ್ತು ವರ್ಷ ಯಾರ ಕೈಯನ್ನೂ ಹಿಡಿಯದೆ ನಡೆದಿದ್ದ ಹೆಂಗಸಿಗೆ ಅದು ಕುರುಡುತನಕ್ಕಿಂತ ಹೆಚ್ಚಾಗಿ ಕಾಡಿತು. ಕಸ ಬಿದ್ದವರು ಆಗಲೂ ಬಂದರು. ನಾಲಗೆಗೆ ಕಣ್ಣು ಬೇಕಿಲ್ಲವಲ್ಲ, ತೆಗಿ ಅಂದರು. ಅವಳು ಒಪ್ಪಲಿಲ್ಲ.

"ತಗದದ್ದ ತೋರ್ಸಾಕಾಯ್ತಿಲ್ಲ ಅಂದ್ ಮ್ಯಾಲ ತಗದೇನು. ಓಗ್ರಪ್ಪಾ."

ಘಾಟಿ ಇಳಿಯುವುದು ಇನ್ನು ಬೇಡ ಎಂದು ಹಟ ಹಿಡಿದಳು. ಪಣಕಹಳ್ಳಿ ತಮಿಳುನಾಡಿಗೆ ಸೇರಿದ್ದು, ಗಡಿ ದಾಟಿ ಆಚೆ ಕಡೆ ಹೋದರೆ ಕರ್ನಾಟಕದ ಚಾಮರಾಜನಗರ, ಅದರಾಚೆ ಮೈಸೂರು. ತಿರುವಿಲ್ಲದ ರಸ್ತೆ, ಮತ್ತು ಎಲ್ಲರೂ ಕನ್ನಡದವರು. "ನಮ್ ಮಾತ್ನಲ್ಲೇ ನೋವ ಏಳ್ಕಬೌದು ಕಣ್ಲಾ" ಎಂದು ಮಗನನ್ನು ಹೊರಡಿಸಿದಳು. ಹೀಗೆ ತನ್ನ ಮಾತಿನವರಿದ್ದಾರೆಂದು ಹೋದ ಊರಿನಲ್ಲಿ ಅವಳು ವಿದೇಶಿಯಾದಳು.

ಅದೊಂದು ದೊಡ್ಡ ಖಾಸಗಿ ಕಣ್ಣಿನ ಆಸ್ಪತ್ರೆ. ಹೆಸರು ಬೇಡ. ಹೊಸದಾಗಿ ಕಂಪ್ಯೂಟರು ಬಂದಿತ್ತು, ಅದರ ಸಂಭ್ರಮ ಎಲ್ಲರ ಮುಖದಲ್ಲೂ ಇತ್ತು. ಕೌಂಟರಿನ ಹುಡುಗಿ ಹೆಸರು ಕೇಳಿದಳು, ಊರು ಕೇಳಿದಳು, ಪಿನ್‌ಕೋಡು ಕೇಳಿದಳು. ನಿಂಗರಾಜು ಹೇಳಿದ. ಕಂಪ್ಯೂಟರು ಒಪ್ಪಲಿಲ್ಲ. ಅದರೊಳಗೆ ಕರ್ನಾಟಕದ ಜಿಲ್ಲೆಗಳೆಲ್ಲ ಇದ್ದವು. ಅವು ಮುಗಿದ ಮೇಲೆ ಕೊನೆಯಲ್ಲಿ ಒಂದೇ ಒಂದು ಮನೆ ಉಳಿದಿತ್ತು: ಅಂತರರಾಷ್ಟ್ರೀಯ. ಪಣಕಹಳ್ಳಿಯ ಈರೋಡು ಜಿಲ್ಲೆ ಎಲ್ಲಿಯೂ ಇರಲಿಲ್ಲ. ಹುಡುಗಿ ಎರಡು ಸಲ ಒತ್ತಿ ನೋಡಿದಳು, ಆಮೇಲೆ ಅಂತರರಾಷ್ಟ್ರೀಯ ಒತ್ತಿದಳು. ಕಂಪ್ಯೂಟರು ತೃಪ್ತಿಯಿಂದ ಮುಂದಿನ ಪ್ರಶ್ನೆಗೆ ಹೋಯಿತು.

ಅದರ ಮುಂದಿನ ಪ್ರಶ್ನೆ ಪಾಸ್‌ಪೋರ್ಟ್ ನಂಬರು.

ತಾಯಿಮಗನನ್ನು ಗಾಜಿನ ಬಾಗಿಲಿನ, ಸೋಫಾ ಇದ್ದ ಕೋಣೆಗೆ ಕಳಿಸಿದರು. ವಿದೇಶಿ ರೋಗಿಗಳನ್ನು ನೋಡಿಕೊಳ್ಳುವ ಸುಧಾಮಣಿ ಎಂಬಾಕೆ ಅಲ್ಲಿದ್ದಳು. ಪಾಪ, ಒಳ್ಳೆಯ ಹೆಣ್ಣುಮಗಳು. ಆ ಕೋಣೆ ತೆರೆದು ಆರು ತಿಂಗಳಾಗಿತ್ತು, ಅದುವರೆಗೆ ಒಬ್ಬ ವಿದೇಶಿಯೂ ಬಂದಿರಲಿಲ್ಲ. ಎದ್ದು ನಿಂತು ಕೈ ಮುಗಿದಳು. ನೀಲಿ ಬಣ್ಣದ ದಪ್ಪ ಫೈಲು ಕೊಟ್ಟಳು. ಮೇಲೆ ಭೂಗೋಳ, ಭೂಗೋಳದ ಸುತ್ತ ಒಂದು ವಿಮಾನ. ವಿಮಾನ ನಿಲ್ದಾಣದಿಂದ ಕರೆತರಲು ಗಾಡಿ ಬೇಕಿತ್ತೇ ಎಂದು ಕೇಳಿದಳು.

"ಚಾಮರಾಜನಗರದಲ್ಲಿ ಬಸ್ಸು ಸಿಕ್ತು ಕಣಕ್ಕ" ಎಂದ ನಿಂಗರಾಜು.

"ನಿಮಗೆ ಕನ್ನಡ ಬರುತ್ತದಾ?" ಸುಧಾಮಣಿಗೆ ಆಶ್ಚರ್ಯ.

"ನಾವು ಕನ್ನಡದೋರೇಯ."

"ಹೌದಾ. ಆದರೆ ನಿಮ್ಮ ಪಿನ್‌ಕೋಡಿಗೆ ಸಿಸ್ಟಮ್‌ನಲ್ಲಿ ತಮಿಳು ಅಂತ ಬಂದಿದೆ. ದುಭಾಷಿ ಇಲ್ಲದೆ ಮುಂದಕ್ಕೆ ಹೋಗಲ್ಲ."

ದುಭಾಷಿ ಬಂದ. ಸೋಮಣ್ಣ ಅಂತ, ಕೊಳ್ಳೇಗಾಲದ ಕಡೆಯವನು, ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸ. ಒಂದಷ್ಟು ದಿನ ತಿರುಪ್ಪೂರಿನಲ್ಲಿದ್ದು ತಮಿಳು ಕಲಿತಿದ್ದ. ಕುರ್ಚಿ ಎಳೆದು ಪುಟ್ಟಮಾದಮ್ಮನ ಎದುರು ಕೂತು ಗಂಭೀರವಾಗಿ ಕೇಳಿದ:

"ಅಮ್ಮಾ, ಕಣ್ಣು ಎಪ್ಪಡಿ ಇರುಕ್ಕು?"

"ಏನೂ ಕಾಣಾಕಿಲ್ಲ ಕಣಪ್ಪ" ಎಂದಳು ಪುಟ್ಟಮಾದಮ್ಮ.

ಸೋಮಣ್ಣ ಸುಧಾಮಣಿಯ ಕಡೆ ತಿರುಗಿದ. "ಏನೂ ಕಾಣಲ್ಲವಂತೆ ಮೇಡಂ."

ಸುಧಾಮಣಿ ಬರೆದುಕೊಂಡಳು. ಹೀಗೆ ನಲವತ್ತು ಪ್ರಶ್ನೆ. ಪ್ರತಿ ಹಾಳೆಯ ಕೆಳಗೂ ಸೋಮಣ್ಣ, ರೋಗಿಗೆ ಅವಳ ಭಾಷೆಯಲ್ಲಿ ವಿವರಿಸಲಾಗಿದೆ ಎಂದು ಸಹಿ ಹಾಕಿದ. ಪಾಸ್‌ಪೋರ್ಟಿನ ಬದಲು ನಿಂಗರಾಜು ರೇಷನ್ ಕಾರ್ಡು ಕೊಟ್ಟ. ಅದು ತಮಿಳಿನಲ್ಲಿತ್ತು. ಅದನ್ನು ವಿದೇಶಿ ದಾಖಲೆಯೆಂದು ಪರಿಗಣಿಸಿ ಫೈಲಿಗೆ ಸೇರಿಸಲಾಯಿತು.

ಊಟದ ಅಭ್ಯಾಸ ಏನು ಎಂಬ ಪ್ರಶ್ನೆಗೆ ರಾಗಿಮುದ್ದೆ, ಹುರುಳಿ ಸಾರು ಎಂದು ಉತ್ತರ ಹೋಯಿತು. ಅವರ ದೇಶದ ಆಹಾರ ಇಲ್ಲಿ ಸಿಗುತ್ತದೆಯೇ ಎಂಬ ಮುಂದಿನ ಪ್ರಶ್ನೆಗೆ, ಎದುರಿನ ಹೋಟೆಲಿನಲ್ಲಿ ಸಿಗುತ್ತದೆ ಎಂದು ಸೋಮಣ್ಣನೇ ಬರೆಸಿದ.

ಇಷ್ಟರವರೆಗೆ ನಗುವ ವಿಷಯ. ಪುಟ್ಟಮಾದಮ್ಮನೂ ನಕ್ಕಳು, ಸೋಫಾ ಮೆತ್ತಗಿತ್ತು, ಯಾರೂ ಏಳು ಅನ್ನಲಿಲ್ಲ. ನಗು ನಿಂತದ್ದು ಹೊರಡುವ ಹೊತ್ತಿಗೆ. ದಾನ ಬಂದ ಕಣ್ಣುಗಳು ಮೊದಲು ಸ್ಥಳೀಯರಿಗೆ ಹೋಗಬೇಕು, ಅವರ ಪಟ್ಟಿ ಮುಗಿದ ಮೇಲೆ ಮಾತ್ರ ಅಂತರರಾಷ್ಟ್ರೀಯ ರೋಗಿಗಳಿಗೆ ಎಂದು ಸುಧಾಮಣಿ ಹೇಳಿದಳು. ನಿಯಮ ಒಳ್ಳೆಯದೇ. ಹೊರದೇಶದ ಹಣವಂತರು ಬಂದು ಇಲ್ಲಿನ ಬಡವರ ಕಣ್ಣು ಹೊತ್ತುಕೊಂಡು ಹೋಗಬಾರದೆಂದು ಮಾಡಿದ ನಿಯಮ. ಪಣಕಹಳ್ಳಿಯ ಕೂಲಿ ಹೆಂಗಸಿನಿಂದ ಮೈಸೂರಿನ ಬಡವರು ಹೀಗೆ ಪಾರಾದರು.

ಏಳು ತಿಂಗಳು ಅವರು ಹೋಗಿ ಬಂದರು. ಹೋದಾಗಲೆಲ್ಲ ಸುಧಾಮಣಿ ಎದ್ದು ಕೈ ಮುಗಿದಳು, ಸೋಫಾ ಕೊಟ್ಟಳು, ಪಟ್ಟಿ ಇನ್ನೂ ಮುಗಿದಿಲ್ಲ ಎಂದಳು. ಪುಟ್ಟಮಾದಮ್ಮನ ತಂಗಿಯನ್ನು ಕೊಟ್ಟಿದ್ದ ಊರು ಗಡಿಯಾಚೆ ಕರ್ನಾಟಕದಲ್ಲಿ, ಪಣಕಹಳ್ಳಿಯಿಂದ ಒಂದು ಗಂಟೆ ದಾರಿ. ಆ ಊರಿನ ಮಲ್ಲಯ್ಯ ಎಂಬವನು ಇವಳಿಗಿಂತ ಐದು ತಿಂಗಳು ತಡವಾಗಿ ಬಂದು, ಹೊಸ ಕಣ್ಣು ಹಾಕಿಸಿಕೊಂಡು, ಅದೇ ಬಸ್ಸಿನಲ್ಲಿ ಇವಳ ಪಕ್ಕದಲ್ಲೇ ಕೂತು ವಾಪಸು ಹೋದ. ದಾರಿಯುದ್ದಕ್ಕೂ ಕಿಟಕಿಯಾಚೆ ಏನೇನು ಕಾಣುತ್ತದೆಂದು ಅವಳಿಗೆ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆ ದಿನ ಮನೆಗೆ ಬಂದು ಅವಳು ಉಣ್ಣಲಿಲ್ಲ.

"ಇನ್ನ ಬ್ಯಾಡ ಬುಡ್ಲಾ ನಿಂಗ್ರಾಜು" ಎಂದಳು. "ಇಂಗೇ ಇದ್ದೋಯ್ತೀನಿ."

"ಇನ್ನೊಂದ್ಸಲ ಓಗಾವ ಕಣವ್ವ. ಒಂದೇ ಸಲ."

ಆ ಒಂದು ಸಲ ಸುಧಾಮಣಿ ರಜೆಯಲ್ಲಿದ್ದಳು. ಗಾಜಿನ ಕೋಣೆಗೆ ಬೀಗ. ಹಾಗಾಗಿ ಪುಟ್ಟಮಾದಮ್ಮ ಎಲ್ಲರ ಜೊತೆ ಬೆಂಚಿನ ಮೇಲೆ ಕೂತು, ಎಲ್ಲರ ಜೊತೆ ಒಳಗೆ ಹೋದಳು. ಅಲ್ಲಿ ಒಬ್ಬರು ವಯಸ್ಸಾದ ಡಾಕ್ಟರು. ಏಳು ತಿಂಗಳಲ್ಲಿ ಎಲ್ಲರೂ ಅವಳ ಬಲಗಣ್ಣಿಗೇ ಬೆಳಕು ಬಿಟ್ಟಿದ್ದರು. ಕಾಗದದಲ್ಲಿ ಬಲ ಎಂದಿತ್ತು. ಈ ಮುದುಕರು ಅಭ್ಯಾಸಬಲದಿಂದ ಎಡಗಣ್ಣಿಗೂ ಬಿಟ್ಟರು, ಬಿಟ್ಟವರು ಅಲ್ಲೇ ನಿಂತರು.

"ಇದು ಯಾವಾಗಿಂದ ಕಾಣಲ್ಲ?"

"ವುಣಸೆ ಮರದಿಂದ ಬಿದ್ದಾಗ್ನಿಂದ್ಲೂ ಬುದ್ಧಿ. ಅದು ಕೂತುಣ್ಣೋದು."

ಡಾಕ್ಟರು ನಕ್ಕರು. ನರ ಸತ್ತಿದೆ, ಆದರೆ ಮೇಲಿನ ಪದರ ಕನ್ನಡಿಯ ಹಾಗಿದೆ ಎಂದರು. ಬಲಗಣ್ಣಿನ ನರ ಗಟ್ಟಿ, ಪದರ ಮಾತ್ರ ಹಾಳು. ಎಡದ ಪದರ ತೆಗೆದು ಬಲಕ್ಕೆ ಹೊಲಿದು, ಬಲದ ಬಿಳಿಯನ್ನು ಎಡಕ್ಕೆ ಹಾಕಿದರಾಯಿತು. ಯಾರೂ ಸಾಯಬೇಕಿಲ್ಲ, ಪಟ್ಟಿ ಕಾಯಬೇಕಿಲ್ಲ. ಪರರ ಕಣ್ಣನ್ನು ಒಂದೊಂದು ಸಲ ಮೈ ಒಪ್ಪುವುದಿಲ್ಲ, ಇದರಲ್ಲಿ ಆ ಭಯವೂ ಇಲ್ಲ.

ಪುಟ್ಟಮಾದಮ್ಮ ಎಡ ಹುಬ್ಬನ್ನು ಬೆರಳಿನಲ್ಲಿ ಮುಟ್ಟಿ ನೋಡಿಕೊಂಡಳು.

"ಅಂಗಾರ ಇಷ್ಟು ದಿನ ನನ್ ಅತ್ರಾನೇ ಇತ್ತಾ?"

"ನಿನ್ನ ಹತ್ತಿರಾನೇ ಇತ್ತು ತಾಯಿ."

ಬಡವರ ಲೆಕ್ಕದಲ್ಲಿ ಡಾಕ್ಟರು ತಾವೇ ಬರೆದುಕೊಟ್ಟರು. ಕಂಪ್ಯೂಟರಿನಲ್ಲಿ ಕೊಟ್ಟವರು ಯಾರು ಎಂಬ ಜಾಗದಲ್ಲಿ ಪುಟ್ಟಮಾದಮ್ಮ ಎಂದೂ, ಪಡೆದವರು ಎಂಬ ಜಾಗದಲ್ಲಿ ಪುಟ್ಟಮಾದಮ್ಮ ಎಂದೂ ಬರೆದರು. ಕಂಪ್ಯೂಟರು ಏನೂ ತಕರಾರು ಮಾಡಲಿಲ್ಲ. ವಿದೇಶಿಯಿಂದ ವಿದೇಶಿಗೆ ಹೋಗುವುದಕ್ಕೆ ಅದಕ್ಕೇನು.

ಕೂದಲಿಗಿಂತ ಸಣ್ಣ ದಾರದಲ್ಲಿ ಹದಿನಾರು ಹೊಲಿಗೆ. ಪಟ್ಟಿ ಬಿಚ್ಚಿದ ದಿನ ಅವಳಿಗೆ ಮೊದಲು ಕಂಡದ್ದು ನಿಂಗರಾಜುವಿನ ಗಡ್ಡ. "ಇದೇನ್ಲಾ, ನಾನ್ ಸತ್ತೋದೆ ಅಂತ ಬುಟ್ಟಿದ್ದೀಯ?" ಎಂದಳು. ತಾಳವಾಡಿಯಲ್ಲಿ ಬಸ್ಸಿಳಿದಾಗ ಪರಿಮಳ ಕೈ ಚಾಚಿದಳು. ಪುಟ್ಟಮಾದಮ್ಮ ಆ ಕೈಗೆ ಚೀಲ ಕೊಟ್ಟು ಮುಂದೆ ನಡೆದಳು.

ಅವಳ ಜೊತೆಗೆ ನೀಲಿ ಫೈಲೂ ಊರಿಗೆ ಬಂತು. ನಿಂಗರಾಜು ಅದನ್ನು ಎದೆಗವುಚಿಕೊಂಡು ಬಂದಿದ್ದ. ಭೂಗೋಳವನ್ನೂ ವಿಮಾನವನ್ನೂ ಊರೆಲ್ಲ ನೋಡಿತು. ಮೇಲಿನ ಇಂಗ್ಲಿಷನ್ನು ಶಾಲೆಯ ಮಕ್ಕಳು ಕೂಡಿಸಿ ಓದಿ ಫಾರಿನ್ ಎಂದರು. ಸಂಜೆಯೊಳಗೆ ತೀರ್ಮಾನವಾಯಿತು: ಪುಟ್ಟಮಾದಮ್ಮನಿಗೆ ಹಾಕಿರುವುದು ಫಾರಿನ್ ಕಣ್ಣು, ವಿಮಾನದಲ್ಲಿ ಬಂದದ್ದು. ಎಡಗಣ್ಣು ಏಕೆ ಬೆಳ್ಳಗಾಗಿದೆ ಎಂದು ಒಬ್ಬರು ಕೇಳಿದರು. ಪಕ್ಕದಲ್ಲಿ ಫಾರಿನ್ ಬಂದು ಕೂತದ್ದು ನೋಡಿ ಹೊಟ್ಟೆಕಿಚ್ಚಿಗೆ ಹಾಗಾಗಿದೆ ಎಂದು ಇನ್ನೊಬ್ಬರು ಹೇಳಿದರು. ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲದ್ದರಿಂದ ಅದೇ ನಿಂತಿತು.

ನಿಂಗರಾಜು ನಿಜ ಹೇಳಲು ಬಾಯಿ ತೆರೆದ. ತಾಯಿ ತಡೆದಳು.

"ಸುಮ್ಕಿರ್ಲಾ. ಏನ್ ಮಾಡ್ತರೆ ನೋಡಾವ."

ಕಣ್ಣು ಕೊಟ್ಟವರಿಗೆ ಹಿರಿಯರ ಹಬ್ಬದಲ್ಲಿ ಎಡೆ ಇಡಬೇಕಲ್ಲ ಎಂದು ಕೇರಿಯವರು ಕೇಳಿದಾಗ ಮಾತ್ರ ಅವಳು ಮುಖ ಸಪ್ಪೆ ಮಾಡಿಕೊಂಡು, "ಕೊಟ್ಟೋಳು ಇನ್ನೂ ಉಣ್ಕಂಡವ್ಳಂತ. ಸತ್ ಮ್ಯಾಲ ಇಕ್ಕುದ್ರಾಯ್ತು" ಎಂದಳು.

ಜಡೆಸ್ವಾಮಿಯವರ ಮನೆಯಲ್ಲಿ ಚರ್ಚೆ ಎರಡು ದಿನ ನಡೆಯಿತಂತೆ. ಆಪರೇಷನ್ನಿಗೆ ಮೊದಲು ಅವರಿಗಿದ್ದ ಚಿಂತೆ, ಯಾವ ಜಾತಿಯವರ ಕಣ್ಣು ಬರುತ್ತದೋ ಎಂದು. ಈಗ ಆ ಚಿಂತೆ ಹೋಗಿತ್ತು. ಫಾರಿನ್ನಿಗೆ ಜಾತಿಯಿಲ್ಲ. ಅವರ ಮನೆಯ ಗಡಿಯಾರ ಫಾರಿನ್ನು, ಟಾರ್ಚು ಫಾರಿನ್ನು. ಅವು ದೇವರ ಗೂಡಿನ ಪಕ್ಕದಲ್ಲೇ ಇದ್ದವು. ಆ ಸಲ ರಾಗಿ ಬಡಿಯುವಾಗ ಜಡೆಸ್ವಾಮಿಯವರ ಕಣ್ಣಿಗೆ ಸುಂಕು ಬಿದ್ದು ಅವಳನ್ನು ಕರೆಸಿದರು. ಅವಳು ಎಂದಿನಂತೆ ಅಂಗಳದಲ್ಲಿ ನಿಂತಳು.

"ಮ್ಯಾಕ್ ಬಾ ಅಮ್ಮಿ" ಎಂದರು ಜಡೆಸ್ವಾಮಿ. "ಇಲ್ಲೇ ಕೂತ್ಕ."

ಅವಳು ಹತ್ತಿ ಕೂತಳು. ಮೂವತ್ತು ವರ್ಷ ಕೆಳಗಿನಿಂದ ನೋಡಿದ್ದ ಜಗಲಿ ಮೇಲಿನಿಂದ ಅಷ್ಟೇನೂ ದೊಡ್ಡದಿರಲಿಲ್ಲ. ಒಳಗಿನಿಂದ ಟೀ ಬಂತು, ಸೂರಿನ ಲೋಟದಲ್ಲಲ್ಲ, ಸ್ಟೀಲಿನದರಲ್ಲಿ. ಆ ಎರಡು ತಿಂಗಳು ಅವಳು ನಾಲ್ಕೈದು ಸಲ ಆ ಜಗಲಿ ಹತ್ತಿದಳು. ಜಡೆಸ್ವಾಮಿ ನೆಂಟರಿಗೆಲ್ಲ ಅವಳನ್ನು ತೋರಿಸುತ್ತಿದ್ದರು. ನಮ್ಮೂರು ಫಾರಿನ್ ಕಣ್ಣಿಗೆ ಹೇಗೆ ಕಾಣುತ್ತದೆ ಹೇಳಮ್ಮಿ ಎಂದು ನೆಂಟರ ಮುಂದೆ ಕೇಳುತ್ತಿದ್ದರು.

"ಮೊದ್ಲು ಎಂಗ್ ಕಾಣ್ತಿತ್ತೋ ಅಂಗೇಯ ಬುದ್ಧಿ" ಎನ್ನುತ್ತಿದ್ದಳು.

ಅವಳಿಗೆ ಆ ಆಟ ಇನ್ನಷ್ಟು ದಿನ ಆಡುವ ಮನಸ್ಸಿತ್ತು. ಕೆಡಿಸಿದ್ದು ಜಡೆಸ್ವಾಮಿಯೇ. ಒಂದು ಬೆಳಗ್ಗೆ ಮತ್ತೆ ಸುಂಕು ಬಿದ್ದಿತ್ತು. ಅವಳು ಅವರ ತಲೆ ಹಿಡಿದು, ರೆಪ್ಪೆ ಎತ್ತಿ, ಎಲ್ಲಿದೆ ಎಂದು ನೋಡುತ್ತಿದ್ದಳು. ಅವರು ಖುಷಿಯಲ್ಲಿದ್ದರು.

"ಫಾರಿನ್ ಮಾಲು ಫಾರಿನ್ನೇ ಕಣಮ್ಮಿ. ತಟ್ನ ಕಂಡುಬುಡ್ತದ. ನಿಮ್ ಕೇರಿ ಕಣ್ಣಾಗಿದ್ರ ಇಷ್ಟ್ ಚುರ್ಕಾಗಿರ್ತಿತ್ತಾ?"

ಅವಳ ಕೈ ಅಲ್ಲೇ ನಿಂತಿತು. ಹೆಬ್ಬೆರಳು ರೆಪ್ಪೆಯ ಮೇಲೇ ಇತ್ತು.

"ಅಳ್ಳಾಡ್ಬ್ಯಾಡಿ ಬುದ್ಧಿ" ಎಂದಳು. "ಒಂದ್ ಮಾತು ಏಳ್ತೀನಿ. ಇದು ನಮ್ ಕೇರಿ ಕಣ್ಣೇಯ. ನಂದೇ. ಈ ಎಡಗಡೇದ ತಗದು ಬಲಗಡೀಕ ಒಲ್ದವ್ರೆ. ಇಮಾನ ಬರೀ ಪೈಲ್ ಮ್ಯಾಲ ಇರಾದು."

ಜಡೆಸ್ವಾಮಿ ಹಿಂದೆ ಸರಿಯುವ ಸ್ಥಿತಿಯಲ್ಲಿ ಇರಲಿಲ್ಲ. ಕಣ್ಣು ಅವಳ ಹೆಬ್ಬೆರಳಿನಡಿ ಬಿಚ್ಚಿಕೊಂಡಿತ್ತು, ಸುಂಕು ಇನ್ನೂ ಒಳಗಿತ್ತು. ಅವಳು ನಾಲಗೆ ಆಡಿಸಿದಳು, ಒಂದೇ ಸಲ. ಉಗುರಿನ ಮೇಲೆ ಇಳಿಸಿ ಅವರ ಮುಖದ ಮುಂದೆ ಹಿಡಿದಳು. ಅವರು ನೋಡಿದರು. ಸ್ಟೀಲಿನ ಲೋಟದ ಟೀಯನ್ನು ಕೊನೆಯ ಗುಟುಕಿನವರೆಗೆ ನಿಧಾನವಾಗಿ ಕುಡಿದು, ತೊಳೆಯದೆ ಅಲ್ಲೇ ಇಟ್ಟು ಅವಳು ಇಳಿದು ಬಂದಳು.

ಮಾರನೆಯ ದಿನ ಆ ಲೋಟ ಪಾತ್ರೆಗಳ ಜೊತೆ ಉಳಿಯಿತೋ, ಸೂರಿಗೆ ಹೋಯಿತೋ, ಅವಳು ನೋಡಲು ಹೋಗಲಿಲ್ಲ. ಕಸ ಬಿದ್ದವರು ಇನ್ನು ನಮ್ಮ ಮನೆ ಬಾಗಿಲಿಗೆ ಬರಲಿ ಎಂದು ಹೇಳಿ ಕಳಿಸಿದಳು. ಜಡೆಸ್ವಾಮಿ ಒಂದು ವರ್ಷ ತಡೆದರು. ಮುಂದಿನ ಸುಗ್ಗಿಯಲ್ಲಿ, ಮುಖಕ್ಕೆ ಟವೆಲು ಹಾಕಿಕೊಂಡು, ಆಳು ಕರೆಯಲು ಬಂದೆ ಎನ್ನುತ್ತ ಕೇರಿಗೆ ಬಂದರು. ಬಂದವರು ಆಳನ್ನು ಕರೆಯದೆ ಅವಳ ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಕೂತು ಕತ್ತೆತ್ತಿದರು. ಅವಳು ಬಾಯಿ ಮುಕ್ಕಳಿಸಿ ಬಂದಳು. ಆ ಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ವರ್ಷಕ್ಕೆ ಎರಡು ಮೂರು ಸಲ ಜಡೆಸ್ವಾಮಿ ಆಳು ಕರೆಯಲು ಬರುತ್ತಿದ್ದರು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಒಲೆಗೆ ಸೌದೆ ಇಡುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ತಾಳವಾಡಿಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ ಮುಗಿದಿತ್ತು. ಐವತ್ನಾಲ್ಕು ವರ್ಷ. ಅವಳಿಲ್ಲ ಎಂದು ಬರೆಯುವುದಕ್ಕೆ ಇಷ್ಟು ಸುತ್ತಿ ಬರಬೇಕಾಯಿತು.

ಮಣ್ಣಿಗೆ ಊರೆಲ್ಲ ಬಂದಿತ್ತು. ಎಲ್ಲರ ಕಣ್ಣಲ್ಲೂ ನೀರಿತ್ತು. ಆ ಕಣ್ಣುಗಳಲ್ಲಿ ಅವಳು ಒಂದಲ್ಲ ಒಂದು ಸಲ ಬಗ್ಗಿ ನೋಡದಿದ್ದ ಕಣ್ಣು ಬಹುಶಃ ಒಂದೂ ಇರಲಿಲ್ಲ. ಜಡೆಸ್ವಾಮಿ ದೂರದಲ್ಲಿ ನಿಂತಿದ್ದರು. ಟವೆಲಿನಿಂದ ಕಣ್ಣುಜ್ಜುತ್ತಿದ್ದರು. ಕಸ ಬಿದ್ದಿದೆಯಾ ಬುದ್ಧಿ ಎಂದು ಯಾರೋ ಕೇಳಿದರು. ಹೂಂ ಎಂದರು.

ಅವಳು ಬಿಟ್ಟುಹೋದ ಕೆಲಸವನ್ನು ಪರಿಮಳ ಕಲಿಯಲಿಲ್ಲ. ಈಗಲೂ ನಾಲಗೆ ಚಾಚಿದರೆ 'ಕಚಗುಳಿ ಆಯ್ತದ' ಅಂದ ತನ್ನದೇ ಮಾತು ನೆನಪಾಗುತ್ತದೆ, ಈಗ ನಗು ಬರುವುದಿಲ್ಲ, ಆದರೂ ಆಗುವುದಿಲ್ಲ. ಕಸ ಬಿದ್ದವರು ತಾಳವಾಡಿಗೆ ಹೋಗುತ್ತಾರೆ. ಡಾಕ್ಟರು ನೀರು ಬಿಟ್ಟು ತೊಳೆದು ಕಳಿಸುತ್ತಾರೆ. ಏನು ಬಿದ್ದಿತ್ತೆಂದು ತೋರಿಸುವುದಿಲ್ಲ. ಜನ ದಿನವಿಡೀ ಉಜ್ಜುತ್ತಲೇ ಇರುತ್ತಾರೆ.

ಆ ವರ್ಷದ ಹಿರಿಯರ ಹಬ್ಬದ ದಿನ ಅಂಚೆಯವನು ಒಂದು ಕಾಗದ ತಂದ. ಇಂಗ್ಲಿಷಿನಲ್ಲಿತ್ತು. ಲಕೋಟೆಯ ಮೇಲೆ ಅದೇ ಭೂಗೋಳ, ಅದೇ ವಿಮಾನ. ನಿಂಗರಾಜು ಶಾಲೆಯ ಮೇಷ್ಟರನ್ನು ಕರೆತಂದ. ಒಳಗೆ ಗೋಡೆಯ ಬದಿಗೆ ಪುಟ್ಟಮಾದಮ್ಮನ ಸೀರೆ ಮಡಿಸಿಟ್ಟು, ಮುಂದೆ ಬಾಳೆಲೆಯಲ್ಲಿ ಎಡೆ ಹಾಕಿದ್ದರು: ಮುದ್ದೆ, ಹುರುಳಿ ಸಾರು, ಕೋಳಿ, ಎಲೆ ಅಡಿಕೆ, ಸ್ಟೀಲಿನ ಲೋಟದಲ್ಲಿ ಟೀ. ಮೇಷ್ಟರು ಬಾಗಿಲ ಬೆಳಕಿನಲ್ಲಿ ನಿಂತು ಓದಿ ಹೇಳಿದರು.

ಆಸ್ಪತ್ರೆಯವರು ತಮ್ಮ ಅಂತರರಾಷ್ಟ್ರೀಯ ರೋಗಿಗಳ ಅಭಿಪ್ರಾಯ ಸಂಗ್ರಹಿಸುತ್ತಿದ್ದರು. ತಾಯ್ನಾಡಿಗೆ ಮರಳಿದ ವಿಮಾನ ಪ್ರಯಾಣ ಸುಖಕರವಾಗಿತ್ತೆಂದು ಭಾವಿಸಿದ್ದರು. ದುಭಾಷಿಯ ಸೇವೆ ತೃಪ್ತಿಕರವಾಗಿತ್ತೇ ಎಂದು ಕೇಳಿದ್ದರು. ನಿಂಗರಾಜು ಬಹಳ ದಿನದ ಮೇಲೆ ನಕ್ಕ, ನಗುತ್ತಲೇ ಗೋಡೆಯ ಕಡೆ ತಿರುಗಿಕೊಂಡ.

"ಕೊನೇದೊಂದಿದೆ" ಎಂದರು ಮೇಷ್ಟರು. "ನೀವು ಮತ್ತೆ ಬರುತ್ತೀರಾ ಅಂತ. ಹೌದು, ಇಲ್ಲ, ಎರಡು ಮನೆ ಕೊಟ್ಟಿದ್ದಾರೆ. ತೀರಿಕೊಂಡರು ಅಂತ ಬರೆಯೋಕೆ ಜಾಗ ಇಲ್ಲ. ಏನು ಹಾಕಲಿ?"

ನಿಂಗರಾಜು ತಿರುಗಲಿಲ್ಲ. ಪರಿಮಳ ಎಡೆಯ ಮುಂದೆ ಕೂತಿದ್ದಳು. ಹಿರಿಯರು ಬಂದು ಉಂಡು ಹೋಗಲೆಂದು ಬಾಗಿಲು ಮುಂದೆ ಮಾಡುವ ಹೊತ್ತಾಗಿತ್ತು. ಟೀ ಲೋಟವನ್ನು ಎಡಗಡೆಯಿಂದ ತೆಗೆದು, ಅತ್ತೆಗೆ ಕಾಣುವಂತೆ ಬಲಗಡೆಗೆ ಇಟ್ಟಳು.

"ಬತ್ತರೆ ಅಂತ ಆಕಿ ಮೇಷ್ಟ್ರೇ" ಎಂದಳು. "ಈಗ ಕದ ಮುಚ್ಬೇಕು, ವಸಿ ಆಚೀಕ್ ಬನ್ನಿ."